ಡಿಸ್ಟಿಲರಿಯ ಸೀವ್ ಮಣಿಯಿಂದ ಸ್ಪಿರಿಟ್ಟನ್ನು ಪೆಟ್ರೋಲ್ ಮಾಡಬಹುದಾ?

ಕಾಕಂಬಿ ಹುಡುಗ:
ಎಲ್ಲರಿಗೂ ನಮಸ್ಕಾರ. ನಾನು ಬಾಗಲಕೋಟೆ ಕಡೆ ಒಂದು ಸಕ್ಕರೆ ಕಾರ್ಖಾನೆಯ ಡಿಸ್ಟಿಲರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತೇನೆ. ಕಾಕಂಬಿ ಹುದುಗಿಸಿ, ಬಟ್ಟಿ ಇಳಿಸಿ, ಕೊನೆಗೆ ನೀರು ತೆಗೆದು ಪೆಟ್ರೋಲಿಗೆ ಬೆರೆಸುವ ಎಥನಾಲ್ ಕಳಿಸುವುದು ನಮ್ಮ ಕೆಲಸ. ಬಟ್ಟಿ ಇಳಿಸುವ ಕಾಲಂನಲ್ಲಿ ಎಷ್ಟೇ ತಿಪ್ಪರಲಾಗ ಹಾಕಿದರೂ ಎಥನಾಲ್ ತೂಕದಲ್ಲಿ 95.6 ಪರ್ಸೆಂಟ್ ದಾಟುವುದಿಲ್ಲ. ಉಳಿದ ನೀರನ್ನು ಹೀರುವುದಕ್ಕೆ ಎರಡು ದೊಡ್ಡ ಟ್ಯಾಂಕ್ ತುಂಬಾ ಮಣಿ ಇದೆ, ಒಂದು ಹೀರುವಾಗ ಇನ್ನೊಂದನ್ನು ವ್ಯಾಕ್ಯೂಮ್ ಎಳೆದು ಒಣಗಿಸುತ್ತೇವೆ. ಅದಕ್ಕೆ ನಾವೆಲ್ಲ ‘ಸೀವ್’ (ಜರಡಿ) ಅಂತೀವಿ.

ಈ ಸಲ ಹಂಗಾಮು ಮುಗಿದ ಮೇಲೆ ಮಣಿ ಬದಲಾಯಿಸಿದೆವು. ಹೊಸ ಡ್ರಮ್ ಒಡೆದಾಗ ಒಂದು ಹಿಡಿ ಮಣಿ ಅಂಗೈಗೆ ಹಾಕಿಕೊಂಡು, ಸುಮ್ನೆ ನೋಡೋಣ ಅಂತ ಬಾಟಲಿಯಿಂದ ನೀರು ಬಿಟ್ಟೆ. ಸುಂಯ್ ಅಂದಿತು, ಗುಳ್ಳೆ ಬಂತು, ಆಮೇಲೆ ಕೈ ಸುಟ್ಟು ಕೆಳಗೆ ಚೆಲ್ಲಿದೆ! ಬೆಂಕಿ ಇಲ್ಲ ಏನಿಲ್ಲ, ಬರೀ ನೀರು. ಡ್ರಮ್ ಮೇಲೆ ‘ಜಿಯೊಲೈಟ್ 3ಎ’ ಅಂತ ಬರೆದಿತ್ತು. ರಾತ್ರಿ ರೂಮಿಗೆ ಬಂದು ಜಿಯೊಲೈಟ್ ಅಂತ ಹುಡುಕಿದರೆ, ಅದರ ಮೇಲೆ ಎಥನಾಲ್ ಆವಿ ಹಾಯಿಸಿ ಪೆಟ್ರೋಲ್ ಮಾಡುವ ವಿಡಿಯೋ ಸಿಕ್ಕಿತು. ಇದು ಅದೇ ಮಣಿನಾ? ಹಾಗಿದ್ದರೆ ಎಥನಾಲನ್ನು ಟ್ಯಾಂಕರಿಗೆ ತುಂಬಿ ಡಿಪೋಗೆ ಕಳಿಸುವ ಬದಲು ಇಲ್ಲೇ ಪೆಟ್ರೋಲ್ ಯಾಕೆ ಮಾಡಬಾರದು?

ಎರೆಹೊಲ:
ತಮ್ಮಾ, ಪೆಟ್ರೋಲ್ ಆಗುತ್ತೋ ಇಲ್ಲವೋ ಆಮೇಲೆ ನೋಡೋಣ. ಸ್ಪಿರಿಟ್ ಗೇಟ್ ದಾಟಿದರೆ ಅಬಕಾರಿಯವರು ನಿನ್ನನ್ನೇ ಬಟ್ಟಿ ಇಳಿಸ್ತಾರೆ.

ರಂಧ್ರಾನ್ವೇಷಿ:
ನನ್ನ ಪಿಎಚ್‌ಡಿ ಇದರ ಮೇಲೇ ನಡೆಯುತ್ತಿದೆ, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡ್ಕೋಬೇಡಿ.

ಅದೇ ಜಾತಿ, ಆದರೆ ಅದೇ ಮಣಿ ಅಲ್ಲ. ಜಿಯೊಲೈಟ್ ಅಂದರೆ ಸಿಲಿಕಾನ್, ಅಲ್ಯೂಮಿನಿಯಂ, ಆಮ್ಲಜನಕ ಸೇರಿ ಕಟ್ಟಿಕೊಂಡ ತೂತು ತೂತಾದ ಹರಳು. ಹೆಸರಿಟ್ಟದ್ದು 1756ರಲ್ಲಿ, ಸ್ವೀಡನ್ನಿನ ಕ್ರಾನ್‌ಸ್ಟೆಟ್. ಕಲ್ಲನ್ನು ಕಾಯಿಸಿದಾಗ ಒಳಗಿನ ನೀರು ಕುದಿದು ಆವಿ ಬಂದದ್ದು ನೋಡಿ ಗ್ರೀಕಿನಲ್ಲಿ ‘ಕುದಿಯುವ ಕಲ್ಲು’ ಅಂದ. ನೀವು ಅಂಗೈಯಲ್ಲಿ ಮಾಡಿದ್ದು ಅದರ ಉಲ್ಟಾ. ಬರಿದಾದ ತೂತಿಗೆ ನೀರು ನುಗ್ಗಿ ಕೂತಾಗ ಶಾಖ ಹೊರಗೆ ಬರುತ್ತದೆ.

ನಿಮ್ಮ 3ಎ ಮಣಿಯ ಬಾಗಿಲು ಸುಮಾರು 3 ಆಂಗ್‌ಸ್ಟ್ರಮ್ (ಒಂದು ಸೆಂಟಿಮೀಟರಿನಲ್ಲಿ 10 ಕೋಟಿ ಆಂಗ್‌ಸ್ಟ್ರಮ್). ನೀರಿನ ಅಣು ಅದಕ್ಕಿಂತ ಒಂದು ಕೂದಲು ಸಣ್ಣದು, ಒಳಗೆ ಹೋಗುತ್ತದೆ. ಎಥನಾಲ್ ದೊಡ್ಡದು, ಹೊರಗೇ ಉಳಿಯುತ್ತದೆ. ಅಷ್ಟಕ್ಕೇ ಅದು ನಿಮಗೆ ಕೆಲಸಕ್ಕೆ ಬರುವುದು. ಎಥನಾಲ್ ಒಳಗೇ ಹೋಗದಿದ್ದರೆ ಪೆಟ್ರೋಲ್ ಆಗುವುದು ಎಲ್ಲಿಂದ?

ಇನ್ನೊಂದು ತೊಡಕೂ ಇದೆ. ಈ ಹರಳಿನಲ್ಲಿ ಸಿಲಿಕಾನ್ ಕೂರಬೇಕಾದ ಜಾಗದಲ್ಲಿ ಅಲ್ಯೂಮಿನಿಯಂ ಕೂತರೆ ಅಲ್ಲೊಂದು ಋಣ ಚಾರ್ಜ್ ಉಳಿಯುತ್ತದೆ, ಅದನ್ನು ಸರಿದೂಗಿಸಲು ಪಕ್ಕದಲ್ಲಿ ಧನ ಅಯಾನು ಒಂದು ಇರಲೇಬೇಕು. ನಿಮ್ಮ ಮಣಿಯಲ್ಲಿ ಆ ಜಾಗದಲ್ಲಿ ಪೊಟ್ಯಾಸಿಯಂ ಇದೆ, ಅದು ಸುಮ್ಮನೆ ಬಾಗಿಲಿಗೆ ಅಡ್ಡ ಕೂತಿರುತ್ತದೆ. ಅದರ ಬದಲು ಹೈಡ್ರೋಜನ್ ಕೂರಿಸಿದರೆ ಆ ಜಾಗ ಗಟ್ಟಿ ಆಮ್ಲವಾಗುತ್ತದೆ. ಆಲ್ಕೋಹಾಲಿನಿಂದ ನೀರು ಕಿತ್ತುಹಾಕುವುದು ಈ ಆಮ್ಲದ ಕೆಲಸ. ಹಾಗಂತ 3ಎ ಮಣಿಗೆ ಆಮ್ಲ ಹಾಕಿ ನೋಡಬೇಡಿ, ಅದರಲ್ಲಿ ಅಲ್ಯೂಮಿನಿಯಂ ಜಾಸ್ತಿ, ಹರಳೇ ಕುಸಿದುಬೀಳುತ್ತದೆ.

ವಿಡಿಯೋದಲ್ಲಿ ನೀವು ನೋಡಿದ್ದು ಬಹುಶಃ ಝಡ್‌ಎಸ್‌ಎಂ-5. ಮೊಬಿಲ್ ಕಂಪನಿಯದು, 1972ರಲ್ಲಿ ಪೇಟೆಂಟ್ ಆಯಿತು. ಅದರ ತೂತು ಸುಮಾರು 5.5 ಆಂಗ್‌ಸ್ಟ್ರಮ್. ಎಥನಾಲ್ ಆರಾಮಾಗಿ ಒಳಗೆ ಹೋಗುತ್ತದೆ.

ಕಾಕಂಬಿ ಹುಡುಗ:
ಅಕ್ಕಾ, ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬಾ ಥ್ಯಾಂಕ್ಸ್. ಒಳಗೆ ಹೋದ ಮೇಲೆ ಏನಾಗುತ್ತೆ? ಎಥನಾಲಿನಲ್ಲಿ ಇಂಗಾಲ ಎರಡೇ ಅಲ್ವಾ, ಪೆಟ್ರೋಲಿನಲ್ಲಿ ಏಳೆಂಟು ಇರುತ್ತೆ.

ರಂಧ್ರಾನ್ವೇಷಿ:
ಮೊದಲು 200ರಿಂದ 300 ಡಿಗ್ರಿ ಒಳಗೆ ಎಥನಾಲ್ ನೀರು ಕಳಚಿಕೊಂಡು ಎಥಿಲೀನ್ ಆಗುತ್ತದೆ. ತಣ್ಣಗಿದ್ದರೆ ಅರ್ಧ ದಾರಿಯಲ್ಲಿ ಡೈಈಥೈಲ್ ಈಥರ್ ಆಗಿ ನಿಲ್ಲುತ್ತದೆ. 350 ದಾಟಿಸಿದರೆ ಎಥಿಲೀನ್‌ಗಳು ಒಂದಕ್ಕೊಂದು ಜೋಡಿಕೊಂಡು, ಮುರಿದು, ಮತ್ತೆ ಜೋಡಿಕೊಂಡು, ಉಂಗುರ ಕಟ್ಟಿ, ಪೆಟ್ರೋಲಿನಲ್ಲಿರುವ ಟಾಲುವೀನ್, ಕ್ಸೈಲೀನ್ ಎಲ್ಲ ಆಗುತ್ತವೆ.

ಇದರಲ್ಲಿ ನನಗೆ ಇಷ್ಟವಾದದ್ದು ಅದು ಎಲ್ಲಿ ನಿಲ್ಲುತ್ತದೆ ಅನ್ನುವುದು. ಅವೆನ್ಯೂ ರೋಡಿನ ಒಳಗಲ್ಲಿ ಊಹಿಸಿಕೊಳ್ಳಿ. ಎರಡು ಗಲ್ಲಿ ಕೂಡುವ ಕಡೆ ಸ್ವಲ್ಪ ಅಗಲ ಇದೆ, ಅಲ್ಲಿ ನೀವು ಸಾಮಾನು ಜೋಡಿಸಿ ಅಲಮಾರು ಕಟ್ಟಬಹುದು. ಆದರೆ ಹೊರಗೆ ಒಯ್ಯಬೇಕಾದರೆ ಗಲ್ಲಿಯಲ್ಲಿ ತೂರಬೇಕು. ಇಂಗಾಲ ಹತ್ತರ ಆಸುಪಾಸು ದಾಟಿದ ಅಣು ಝಡ್‌ಎಸ್‌ಎಂ-5ರಿಂದ ಹೊರಗೆ ಬರಲಾರದು, ಒಡೆದು ಚಿಕ್ಕದಾಗಬೇಕು, ಇಲ್ಲ ಒಳಗೇ ಸಿಕ್ಕಿಕೊಳ್ಳಬೇಕು. ಪೆಟ್ರೋಲಿನ ಅಳತೆಯೂ ಅಲ್ಲಿಗೇ ಮುಗಿಯುತ್ತದೆ. ಯಾರೂ ಪೆಟ್ರೋಲಿಗೆ ಅಂತ ಅಳತೆ ಕೊಟ್ಟು ಹೊಲಿಸಿದ ಹರಳಲ್ಲ ಅದು, ಹಾಗೇ ಕೂಡಿಬಂದದ್ದು!

ಹಳೇ ರಿಯಾಕ್ಟರ್:
ಮೇಡಂ ಸರಿಯಾಗಿ ಹೇಳಿದರು. ಕೂಡಿಬಂದದ್ದು ಅನ್ನುವುದಕ್ಕೆ ಒಂದು ಕತೆ ಸೇರಿಸುತ್ತೇನೆ. 1970ರ ದಶಕದಲ್ಲಿ ಮೊಬಿಲ್‌ನ ಎರಡು ಕಡೆಯ ಜನ ಬೇರೆ ಬೇರೆ ಕೆಲಸ ಮಾಡುತ್ತಿದ್ದರು. ಒಂದು ಗುಂಪು ಮೆಥನಾಲಿನಿಂದ (ಎಥನಾಲಿನ ತಮ್ಮ, ಇಂಗಾಲ ಒಂದೇ) ಎಥಿಲೀನ್ ಆಕ್ಸೈಡ್ ಮಾಡಲು ಹೊರಟಿತ್ತು, ಇನ್ನೊಂದು ಗುಂಪು ಐಸೋಬ್ಯೂಟೇನಿಗೆ ಮೆಥನಾಲ್ ಜೋಡಿಸಲು ನೋಡುತ್ತಿತ್ತು. ಇಬ್ಬರಿಗೂ ಬೇಕಾದದ್ದು ಸಿಗಲಿಲ್ಲ, ಪೆಟ್ರೋಲ್ ಸಿಕ್ಕಿತು. ಚಾಂಗ್ ಮತ್ತು ಸಿಲ್ವೆಸ್ಟ್ರಿ 1977ರಲ್ಲಿ ಪ್ರಕಟಿಸಿದ ಮೇಲೆ ಲೋಕಕ್ಕೆಲ್ಲ ಗೊತ್ತಾಯಿತು. ತೈಲದ ಬೆಲೆ ಗಗನಕ್ಕೇರಿದ್ದ ಕಾಲ ಬೇರೆ.

ದೂರದ ಕಿವಿ:
ನ್ಯೂಜಿಲೆಂಡಿನಿಂದ ಬರೆಯುತ್ತಿದ್ದೇನೆ, ಹುಟ್ಟೂರು ಹಾಸನ. ಆ ಪೆಟ್ರೋಲ್ ನಿಜವಾಗಿ ದೊಡ್ಡ ಮಟ್ಟದಲ್ಲಿ ತಯಾರಾದದ್ದು ಇಲ್ಲೇ, ತಾರನಾಕಿಯ ಮೊಟುನುಯಿಯಲ್ಲಿ. ಸಮುದ್ರದೊಳಗಿನ ಮಾವಿ ಕ್ಷೇತ್ರದ ಗ್ಯಾಸಿನಿಂದ ಮೆಥನಾಲ್, ಮೆಥನಾಲಿನಿಂದ ಝಡ್‌ಎಸ್‌ಎಂ-5 ಮೇಲೆ ಪೆಟ್ರೋಲ್. 1985ರಲ್ಲಿ ಶುರು, ದಿನಕ್ಕೆ 14,500 ಬ್ಯಾರೆಲ್, ಅಂದರೆ ಸುಮಾರು 23 ಲಕ್ಷ ಲೀಟರ್. ದೇಶಕ್ಕೆ ಬೇಕಾದ ಪೆಟ್ರೋಲಿನ ಮೂರನೇ ಒಂದು ಭಾಗ ಅನ್ನುತ್ತಿದ್ದರು. ನಸೀಬು ನೋಡಿ, ಮರುವರ್ಷವೇ ಕಚ್ಚಾತೈಲದ ಬೆಲೆ ನೆಲಕಚ್ಚಿತು. 90ರ ದಶಕ ಮುಗಿಯುವಷ್ಟರಲ್ಲಿ ಪೆಟ್ರೋಲ್ ಮಾಡುವ ಭಾಗ ನಿಂತಿತ್ತು. ಮೆಥನಾಲನ್ನು ಮೆಥನಾಲ್ ಅಂತಲೇ ಮಾರುವುದು ಲಾಭ ಅಂತಾಯಿತು.

ಆ ಪೆಟ್ರೋಲಿನಲ್ಲಿ ಡ್ಯೂರೀನ್ ಅಂತ ಒಂದು ಕಾಟ ಇತ್ತು. 79 ಡಿಗ್ರಿಗೆ ಕರಗುವ ವಸ್ತು ಅದು, ಜಾಸ್ತಿ ಇದ್ದರೆ ಚಳಿಯಲ್ಲಿ ಹರಳುಗಟ್ಟಿ ಕಾರ್ಬ್ಯುರೇಟರಿಗೆ ಅಡ್ಡ ಕೂರುತ್ತದೆ. ಅದನ್ನು ಕಡಿಮೆ ಮಾಡುವುದಕ್ಕೇ ಬೇರೆ ಘಟಕ ಇಟ್ಟಿದ್ದರು.

ರಂಧ್ರಾನ್ವೇಷಿ:
ಡ್ಯೂರೀನಿನಲ್ಲಿ ಇಂಗಾಲ ಸರಿಯಾಗಿ ಹತ್ತು. ಗಲ್ಲಿಯಲ್ಲಿ ತೂರಿ ಹೊರಬರುವ ಕಟ್ಟಕಡೆಯ ಅಲಮಾರು ಅದೇ.

ಎರೆಹೊಲ:
ವಿಜ್ಞಾನ ಎಲ್ಲ ಸರಿ. ಕಬ್ಬು ಬೆಳೆಯುವವನಾಗಿ ಒಂದು ಮಾತು ಕೇಳುತ್ತೇನೆ, ಯಾರೂ ಬೈಬೇಡಿ. ಎಥನಾಲನ್ನು ಈಗ ನೇರ ಪೆಟ್ರೋಲಿಗೆ ಬೆರೆಸುತ್ತಿದ್ದಾರೆ, ಗಾಡಿ ಓಡುತ್ತಿದೆ. ಅದನ್ನು ಮತ್ತೆ ಕಾಯಿಸಿ ಪೆಟ್ರೋಲ್ ಮಾಡಿ ಆಮೇಲೆ ಗಾಡಿಗೆ ಹಾಕುವುದು ಅಂದರೆ ಬೆಲ್ಲ ಮಾಡಿ ಮತ್ತೆ ಕಬ್ಬಿನ ಹಾಲು ಮಾಡಲು ಹೋದಂತೆ ಅಲ್ಲವಾ? ನಡುವೆ ಎಷ್ಟು ಸೋರಿಹೋಗುತ್ತದೆ?

ಲೆಕ್ಕದ ಪುಸ್ತಕ:
ಎರೆಹೊಲ ಅಣ್ಣ ಸರಿಯಾದ ಜಾಗಕ್ಕೇ ಕೈ ಹಾಕಿದರು. ನಾನು ಕೆಮಿಸ್ಟ್ರಿಯವನಲ್ಲ, ಆದರೆ ಪಿಯುಸಿಯ ತೂಕದ ಲೆಕ್ಕ ಮರೆತಿಲ್ಲ.

180 ಕೆಜಿ ಗ್ಲೂಕೋಸ್ ಹುದುಗಿದರೆ 92 ಕೆಜಿ ಎಥನಾಲ್, ಉಳಿದ 88 ಕೆಜಿ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ. ಆ 92 ಕೆಜಿಯಿಂದ ನೀರು ಕಿತ್ತರೆ 56 ಕೆಜಿ ಎಥಿಲೀನ್, 36 ಕೆಜಿ ನೀರು. ಅಂದರೆ 100 ಕೆಜಿ ಗ್ಲೂಕೋಸಿಗೆ ಕೊನೆಗೆ ಸಿಗುವುದು 31 ಕೆಜಿ. ಅದೂ ಒಂದು ಹನಿ ನಷ್ಟ ಆಗದಿದ್ದರೆ.

ಈಗ ದುಡ್ಡು. ಒಂದು ಲೀಟರ್ ಪೆಟ್ರೋಲ್ ಸುಮಾರು 740 ಗ್ರಾಂ. ಅಷ್ಟಕ್ಕೆ ಬೇಕಾದ ಎಥನಾಲ್ 1.54 ಲೀಟರ್. 2024-25ರಲ್ಲಿ ಸಿ-ಹೆವಿ ಕಾಕಂಬಿಯ (ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಕೊನೆಗೆ ಉಳಿಯುವುದು) ಎಥನಾಲಿಗೆ ತೈಲ ಕಂಪನಿಗಳು ಕೊಟ್ಟ ದರ ಲೀಟರಿಗೆ 57.97 ರೂಪಾಯಿ. ಗುಣಿಸಿ, 89 ರೂಪಾಯಿ ಆಯಿತು. ಇದರಲ್ಲಿ ರಿಯಾಕ್ಟರ್ ಇಲ್ಲ, ಉರುವಲು ಇಲ್ಲ, ಸಂಬಳ ಇಲ್ಲ, ಬರೀ ಕಚ್ಚಾ ಮಾಲು. ಬಂಕಿನ ದರದಲ್ಲಿ ತೆರಿಗೆ, ಕಮಿಷನ್ ತೆಗೆದ ಮೇಲೆ ಉಳಿಯುವ ಪೆಟ್ರೋಲಿನ ಅಸಲು ಇದಕ್ಕಿಂತ ಎಷ್ಟೋ ಕಡಿಮೆ. ಹಾಗಾಗಿ ಕಾರಿಗೆ ಹಾಕುವುದಕ್ಕೆ ಇದು ಬರ್ಕತ್ತಾಗುವ ವ್ಯಾಪಾರ ಅಲ್ಲ.

ರಂಧ್ರಾನ್ವೇಷಿ:
ಲೆಕ್ಕ ಸರಿ ಇದೆ, ಆದರೆ ತೂಕ ಕಡಿಮೆಯಾಯಿತು ಅಂದ ಮಾತ್ರಕ್ಕೆ ಶಕ್ತಿ ಸೋರಿತು ಅಂತಲ್ಲ. ಹೋದದ್ದು ಆಮ್ಲಜನಕ, ನೀರಿನ ರೂಪದಲ್ಲಿ. ಅದು ಹೇಗೂ ಉರಿಯುತ್ತಿರಲಿಲ್ಲ. ಒಂದು ಕೆಜಿ ಎಥನಾಲಿನಲ್ಲಿ ಸುಮಾರು 27 ಮೆಗಾಜೌಲ್, ಅದರಿಂದ ಬರುವ 610 ಗ್ರಾಂ ಪೆಟ್ರೋಲಿನಲ್ಲೂ ಹೆಚ್ಚುಕಡಿಮೆ ಅಷ್ಟೇ. ಹೊಟ್ಟು ತೂರಿ ಕಾಳು ಉಳಿಸಿಕೊಂಡ ಹಾಗೆ. ರೂಪಾಯಿ ಲೆಕ್ಕದಲ್ಲಿ ಮಾತ್ರ ನಾನೂ ನಿಮ್ಮ ಪಕ್ಷವೇ. ರಸ್ತೆ ಮೇಲಿನ ಗಾಡಿಗೆ ಎಥನಾಲನ್ನು ಎಥನಾಲಾಗಿಯೇ ಹಾಕಿ.

ಆದರೆ ವಿಮಾನಕ್ಕೆ ಹಾಗೆ ಹಾಕಲಾಗುವುದಿಲ್ಲ. ಅಲ್ಲಿ ಒಂದೊಂದು ಕೆಜಿಗೂ ಲೆಕ್ಕ, ಆಮ್ಲಜನಕ ಹೊತ್ತು ಹಾರುವುದರಲ್ಲಿ ಅರ್ಥವಿಲ್ಲ. ಎಥನಾಲನ್ನು ಎಥಿಲೀನ್ ಮಾಡಿ, ಎಥಿಲೀನ್‌ಗಳನ್ನು ಉದ್ದ ಸರಪಳಿಯಾಗಿ ಜೋಡಿಸಿ, ಹೈಡ್ರೋಜನ್ ಕೊಟ್ಟರೆ ಸೀಮೆಎಣ್ಣೆಯಂಥ ಜೆಟ್ ಇಂಧನ. ಇಂಥ ಇಂಧನವನ್ನು ಮಾಮೂಲಿ ಜೆಟ್ ಇಂಧನದ ಜೊತೆ ಅರ್ಧಕ್ಕರ್ಧ ಬೆರೆಸಲು ಒಪ್ಪಿಗೆ ಇದೆ. ಐಸೋಬ್ಯೂಟನಾಲ್ ಅನ್ನುವ ಇನ್ನೊಂದು ಆಲ್ಕೋಹಾಲಿನಿಂದ ಮಾಡಿದ್ದಕ್ಕೆ 2016ರಲ್ಲಿ ಸಿಕ್ಕಿತು, ಎಥನಾಲಿನಿಂದ ಮಾಡಿದ್ದಕ್ಕೆ 2018ರಲ್ಲಿ. ಅಮೆರಿಕದ ಜಾರ್ಜಿಯಾದಲ್ಲಿ ಲಾಂಝಾಜೆಟ್ ಕಂಪನಿ ಇದಕ್ಕೆಂದೇ ಘಟಕ ಕಟ್ಟಿ 2024ರ ಜನವರಿಯಲ್ಲಿ ಉದ್ಘಾಟನೆ ಮಾಡಿತು. ನಮ್ಮ ದೇಶವೂ ಅಂತರರಾಷ್ಟ್ರೀಯ ವಿಮಾನಗಳಿಗೆ 2027ಕ್ಕೆ 1 ಪರ್ಸೆಂಟ್, 2030ಕ್ಕೆ 5 ಪರ್ಸೆಂಟ್ ಜೈವಿಕ ಇಂಧನ ಅಂತ ಗುರಿ ಇಟ್ಟಿದೆ.

ಹಳೇ ರಿಯಾಕ್ಟರ್:
ಇಂಧನ ಒಂದನ್ನೇ ಹಿಡಿದು ಕೂತರೆ ಲೆಕ್ಕ ತಪ್ಪುತ್ತದೆ. ಸುಡುವುದಕ್ಕಿಂತ ವಸ್ತು ಮಾಡಿದರೆ ಬೆಲೆ ಜಾಸ್ತಿ. ಬ್ರೆಜಿಲ್‌ನ ಟ್ರಿಯುಂಫೋದಲ್ಲಿ ಬ್ರಾಸ್ಕೆಮ್ ಕಂಪನಿ 2010ರಲ್ಲಿ ಕಬ್ಬಿನ ಎಥನಾಲಿನಿಂದ ವರ್ಷಕ್ಕೆ 2 ಲಕ್ಷ ಟನ್ ಎಥಿಲೀನ್ ಮಾಡುವ ಘಟಕ ಶುರು ಮಾಡಿತು, ಅದರಿಂದ ಪ್ಲಾಸ್ಟಿಕ್. ಉತ್ತರಾಖಂಡದ ಕಾಶೀಪುರದಲ್ಲಿ ಇಂಡಿಯಾ ಗ್ಲೈಕಾಲ್ಸ್ ಅದಕ್ಕಿಂತ ಎಷ್ಟೋ ಮೊದಲಿನಿಂದ ಕಾಕಂಬಿಯ ಆಲ್ಕೋಹಾಲಿನಿಂದ ಎಥಿಲೀನ್, ಅದರಿಂದ ಗ್ಲೈಕಾಲ್ ಮಾಡುತ್ತಿದೆ.

ಇನ್ನೊಂದು ನಮ್ಮವರದ್ದೇ ಸಾಧನೆ, ಯಾಕೋ ಯಾರೂ ನೆನೆಯುವುದಿಲ್ಲ. 1980ರ ದಶಕದಲ್ಲಿ ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯದವರು ಎನ್ಸಿಲೈಟ್ ಅನ್ನುವ ಜಿಯೊಲೈಟ್ ಕೆಟಲಿಸ್ಟ್ (ತಾನು ಖರ್ಚಾಗದೆ ಕ್ರಿಯೆ ನಡೆಸಿಕೊಡುವ ವಸ್ತು) ಮಾಡಿದರು. ಆಲ್ಕೋಹಾಲನ್ನು ಮೊದಲು ಎಥಿಲೀನ್ ಮಾಡಿ ಆಮೇಲೆ ಬೆಂಜೀನಿಗೆ ಜೋಡಿಸುವ ಎರಡು ಹಂತ ಬಿಟ್ಟು, ಆಲ್ಕೋಹಾಲನ್ನೇ ನೇರವಾಗಿ ಬೆಂಜೀನ್ ಜೊತೆ ಬಿಟ್ಟು ಈಥೈಲ್ ಬೆಂಜೀನ್ ಮಾಡುವ ವಿಧಾನ. ಆಲ್ಬೀನ್ ಅಂತ ಹೆಸರು. ವಿಶಾಖಪಟ್ಟಣದ ಹಿಂದೂಸ್ತಾನ್ ಪಾಲಿಮರ್ಸ್ ಜೊತೆ ಸೇರಿ ಮಾಡಿದ್ದು. ಈಥೈಲ್ ಬೆಂಜೀನಿನಿಂದ ಸ್ಟೈರೀನ್, ಸ್ಟೈರೀನಿನಿಂದ ಥರ್ಮೋಕೋಲ್. ಗಣಪತಿ ಮಂಟಪಕ್ಕೆ ಕತ್ತರಿಸುತ್ತಿದ್ದೆವಲ್ಲ, ಅದೇ.

ಮೇಡಂ ಅವರಿಗೆ ಒಂದು ತಕರಾರು. ಎಥಿಲೀನ್ ಮಾತ್ರ ಬೇಕಾದರೆ ಕಾರ್ಖಾನೆಗಳು ಸಾಮಾನ್ಯವಾಗಿ ಜಿಯೊಲೈಟ್ ಹಾಕುವುದಿಲ್ಲ, ಅಲ್ಯೂಮಿನಾ ಹಾಕುತ್ತವೆ. 400 ಡಿಗ್ರಿ ಮೇಲೆ ಬೇಕು, ಉರುವಲು ಜಾಸ್ತಿ, ಆದರೆ ಎತ್ತಿನ ಹಾಗೆ ದುಡಿಯುತ್ತದೆ. ಜಿಯೊಲೈಟ್ ಓಟದ ಕುದುರೆ. ಕಡಿಮೆ ಬಿಸಿಯಲ್ಲೇ ಓಡುತ್ತದೆ, ಬೇಗ ಮಸಿ ಹಿಡಿದು ಕೂರುತ್ತದೆ. ಪ್ರಬಂಧಗಳಲ್ಲಿ 20 ಗಂಟೆ ಓಡಿಸಿ ‘ಸ್ಥಿರವಾಗಿದೆ’ ಅಂತ ಬರೆಯುತ್ತಾರೆ. ಪ್ಲಾಂಟಿನಲ್ಲಿ 20 ಗಂಟೆ ಅಂದರೆ ಎರಡೂವರೆ ಶಿಫ್ಟು!

ರಂಧ್ರಾನ್ವೇಷಿ:
ಸರ್, ಆ ಏಟು ನನಗೆ ಸರಿಯಾಗಿ ಬಿತ್ತು. ನನ್ನದೂ ಒಂದು ಪ್ರಬಂಧದಲ್ಲಿ 24 ಗಂಟೆ ಇದೆ.

ಮಸಿ ವಿಷಯ ಬಂತಲ್ಲ, ನನ್ನ ಅವಾಂತರ ಹೇಳಿಬಿಡುತ್ತೇನೆ. ಬೆರಳು ದಪ್ಪದ ಕೊಳವೆಯ ನಡುವೆ ಅರ್ಧ ಗ್ರಾಂ ಝಡ್‌ಎಸ್‌ಎಂ-5, ಮೇಲೆ ಕೆಳಗೆ ಹತ್ತಿಯ ಹಾಗಿರುವ ಕ್ವಾರ್ಟ್ಜ್ ಉಣ್ಣೆ. ಎಥನಾಲ್ ಹನಿ ಹನಿಯಾಗಿ ಹೋಗುತ್ತದೆ, ಕೆಳಗೆ ಐಸ್‌ನಲ್ಲಿ ಇಟ್ಟ ಸೀಸೆಯಲ್ಲಿ ಎರಡು ಪದರ ಬರುತ್ತದೆ. ಕೆಳಗೆ ನೀರು, ಮೇಲೆ ತೆಳು ಹಳದಿ ಎಣ್ಣೆ. ಮುಚ್ಚಳ ತೆಗೆದರೆ ಥೇಟ್ ಪೆಟ್ರೋಲ್ ಬಂಕಿನ ವಾಸನೆ. ಮೊದಲ ಸಲ ಬಂದಾಗ ಹಾಸ್ಟೆಲಿನ ಗೆಳತಿಯರಿಗೆಲ್ಲ ಫೋಟೋ ಕಳಿಸಿದ್ದೆ.

ಹೊತ್ತು ಕಳೆದಂತೆ ಎಣ್ಣೆಯ ಪದರ ತೆಳುವಾಗಿ, ಗ್ಯಾಸಿನಲ್ಲಿ ಬರೀ ಎಥಿಲೀನ್ ಕಾಣತೊಡಗುತ್ತದೆ. ಮಸಿ ಹಿಡಿಯಿತು ಅಂತ ಅರ್ಥ. ಹಾಕುವಾಗ ಬೆಳ್ಳಗಿದ್ದ ಪುಡಿ ಹೊರಗೆ ತೆಗೆದರೆ ಕಾಡಿಗೆ. ಗಾಳಿ ಬಿಟ್ಟು 500-550 ಡಿಗ್ರಿಯಲ್ಲಿ ಸುಟ್ಟರೆ ಮತ್ತೆ ಬೆಳ್ಳಗಾಗುತ್ತದೆ. ಗಾಳಿಯನ್ನು ನೈಟ್ರೋಜನ್ ಜೊತೆ ಸ್ವಲ್ಪ ಸ್ವಲ್ಪವೇ ಬಿಡಬೇಕು. ಒಂದು ಶನಿವಾರ ಬಸ್ಸಿಗೆ ಹೊತ್ತಾಯಿತು ಅಂತ ವಾಲ್ವ್ ಪೂರ್ತಿ ತಿರುಗಿಸಿದೆ. ಒಳಗಿನ ಮಸಿ ಭಗ್ಗನೆ ಹತ್ತಿತು, ಬಿಸಿ ಅಳೆಯುವ ಥರ್ಮೋಕಪಲ್ಲಿನ ಅಂಕಿ ನೋಡ್ತಾ ನೋಡ್ತಾ ಮೇಲೆ ಓಡಿತು. ಮಸಿಯಲ್ಲಿದ್ದ ಹೈಡ್ರೋಜನ್ ಉರಿದು ಅಲ್ಲೇ ಹಬೆ ಆಗಿದೆ. ಅಷ್ಟು ಬಿಸಿಯ ಹಬೆ ಹರಳಿನ ಚೌಕಟ್ಟಿನಿಂದ ಅಲ್ಯೂಮಿನಿಯಂ ಕಿತ್ತು ಹಾಕುತ್ತದೆ. ಅಲ್ಯೂಮಿನಿಯಂ ಹೋದರೆ ಆಮ್ಲವೂ ಹೋಯಿತು. ಪುಡಿ ನೋಡಲು ಹಾಲಿನಷ್ಟು ಬೆಳ್ಳಗಿತ್ತು, ಕೆಲಸ ಮಾತ್ರ ಅರ್ಧಕ್ಕೆ ಇಳಿದಿತ್ತು. ಮಸಿ ಸುಟ್ಟರೆ ಹೋಗುತ್ತದೆ, ಕಿತ್ತುಹೋದ ಅಲ್ಯೂಮಿನಿಯಂ ವಾಪಸ್ ಬರುವುದಿಲ್ಲ. ಆರು ವಾರದ ಕೆಲಸ ಮತ್ತೆ ಮೊದಲಿಂದ.

ಎಥನಾಲಿನ ಕೆಲಸದಲ್ಲಿ ಇದೇ ದೊಡ್ಡ ತಲೆನೋವು ಸರ್. ಕ್ರಿಯೆ ನಡೆದಷ್ಟೂ ನೀರು ಹುಟ್ಟುತ್ತದೆ, ಹುಟ್ಟಿದ ನೀರೇ ಕೆಟಲಿಸ್ಟಿನ ಬೇರು ಅಲ್ಲಾಡಿಸುತ್ತದೆ. ನಾವು ಫಾಸ್ಫರಸ್ ಸೇರಿಸಿ, ಅಲ್ಯೂಮಿನಿಯಂ ಕಡಿಮೆ ಮಾಡಿ ಏನೇನೋ ಒದ್ದಾಡುವುದೆಲ್ಲ ಇದನ್ನು ತಡೆಯೋದಕ್ಕೆ.

ಮೌನ ಓದುಗ:
ಬಸ್ ಸಿಕ್ತಾ?

ರಂಧ್ರಾನ್ವೇಷಿ:
ಇಲ್ಲ.

ಕಾಕಂಬಿ ಹುಡುಗ:
ಹಾಗಾದರೆ ನಾವು ಸೀವ್ ಹಾಕಿ ನೀರು ತೆಗೆದ ಎಥನಾಲೇ ಬೇಕಾ, ಮತ್ತೆ ಹೇಗೂ ನೀರು ಹುಟ್ಟುತ್ತೆ ಅಂದಮೇಲೆ?

ರಂಧ್ರಾನ್ವೇಷಿ:
ಒಳ್ಳೇ ಪ್ರಶ್ನೆ. ಬೇಕಿಲ್ಲ. ಅಮೆರಿಕದ ಓಕ್ ರಿಜ್ ರಾಷ್ಟ್ರೀಯ ಪ್ರಯೋಗಾಲಯದಲ್ಲಿ ಝಡ್‌ಎಸ್‌ಎಂ-5ಕ್ಕೆ ವೆನೇಡಿಯಂ ಸೇರಿಸಿದ ಕೆಟಲಿಸ್ಟ್ ಮಾಡಿದರು. ನೀರು ಬೆರೆತ ಎಥನಾಲನ್ನೇ ನೇರವಾಗಿ ಹೈಡ್ರೋಕಾರ್ಬನ್ ಮಾಡುತ್ತದೆ. ವರ್ಟಿಮಾಸ್ ಅನ್ನುವ ಕಂಪನಿ 2014ರಲ್ಲಿ ಅದರ ಲೈಸೆನ್ಸ್ ತೆಗೆದುಕೊಂಡಿತು. ಎಣ್ಣೆ ಮತ್ತು ನೀರು ತಾವಾಗಿಯೇ ಬೇರೆಯಾಗುತ್ತವಲ್ಲ, ಹಾಗಾಗಿ ಕೊನೆಯ ನೀರು ತೆಗೆಯುವ ಖರ್ಚು ಉಳಿಯುತ್ತದೆ.

ಕಾಕಂಬಿ ಹುಡುಗ:
ಅಂದರೆ ನನ್ನ ಸೀವ್ ಟ್ಯಾಂಕ್ ಗುಜರಿಗೆ, ಅದರ ಹಿಂದೆ ನಾನು.

ಎರೆಹೊಲ:
ಹೆದರಬೇಡ, ಹೊಲಕ್ಕೆ ಆಳು ಬೇಕು, ಬಾ. ಅಂದಹಾಗೆ ಈ ಜಿಯೊಲೈಟ್ ನೆಲದಲ್ಲೂ ಸಿಗುತ್ತೆ ಅಂತಾರಲ್ಲ? ಪುಣೆ ಕಡೆ ಬಾವಿ ತೋಡುವಾಗ ಕರಿಕಲ್ಲಿನ ಪೊಟರೆಯಲ್ಲಿ ಹೊಳೆಯುವ ಬಿಳಿ ಹರಳು ಬಂದದ್ದನ್ನು ಕಣ್ಣಾರೆ ನೋಡಿದ್ದೇನೆ.

ರಂಧ್ರಾನ್ವೇಷಿ:
ಹೌದು, ಪುಣೆ, ನಾಸಿಕ್, ಜಳಗಾಂವ್ ಕಡೆಯ ದಖ್ಖನ್ ಬಸಾಲ್ಟ್ ಈ ಹರಳುಗಳಿಗೆ ಲೋಕಪ್ರಸಿದ್ಧ. ಸ್ಟಿಲ್ಬೈಟ್, ಹ್ಯೂಲ್ಯಾಂಡೈಟ್ ಅಂತ. ನೋಡಲು ಚೆಂದ, ಈ ಕೆಲಸಕ್ಕೆ ಬರುವುದಿಲ್ಲ. ಝಡ್‌ಎಸ್‌ಎಂ-5ರ ಹಾಗೆಯೇ ಇರುವ ಖನಿಜ ಸಿಕ್ಕಿದ್ದು ಅಂಟಾರ್ಕ್ಟಿಕಾದಲ್ಲಿ. ನಾವು ಸಿಲಿಕಾ, ಅಲ್ಯೂಮಿನಿಯಂ ಮತ್ತು ಅಚ್ಚಿನ ಹಾಗೆ ಕೆಲಸ ಮಾಡುವ ಒಂದು ಅಮೋನಿಯಂ ಸಂಯುಕ್ತ ಕಲಸಿ, ಪ್ರೆಶರ್ ಕುಕ್ಕರಿನಂಥ ಆಟೋಕ್ಲೇವಿನಲ್ಲಿ 170 ಡಿಗ್ರಿಗೆ ಎರಡು ಮೂರು ದಿನ ಬೇಯಿಸುತ್ತೇವೆ. ಆಮೇಲೆ ಅಚ್ಚನ್ನು ಸುಟ್ಟುಹಾಕಿದರೆ ಅದು ಇದ್ದ ಜಾಗವೇ ತೂತು.

ಕಾಕಂಬಿ ಹುಡುಗ:
ಎರಡು ದಿನದಿಂದ ಇದೇ ತಲೆಯಲ್ಲಿ ಕೊರೀತಿದೆ. ಲೆಕ್ಕದ ಪುಸ್ತಕ ಅಣ್ಣ ಎಥನಾಲ್ ದುಬಾರಿ ಅಂದರು, ಒಪ್ಪಿದೆ. ನಮ್ಮ ಕಾಲಂನ ಪಕ್ಕದಿಂದ ಫ್ಯೂಸೆಲ್ ಆಯಿಲ್ ತೆಗೆಯುತ್ತೇವೆ. ಹಳದಿ ಬಣ್ಣ, ಮೂಗಿಗೆ ಬಿದ್ದರೆ ತಲೆ ಸುತ್ತುವ ವಾಸನೆ. ಸಾವಿರ ಲೀಟರ್ ಎಥನಾಲಿಗೆ ಕೆಲವೇ ಲೀಟರ್ ಬರುತ್ತದೆ, ಆದರೂ ಡ್ರಮ್‌ಗಳಲ್ಲಿ ಸೇರುತ್ತದೆ, ಸಿಕ್ಕ ಬೆಲೆಗೆ ಕೊಡುತ್ತೇವೆ. ಅದೂ ಆಲ್ಕೋಹಾಲೇ ಅಲ್ವಾ?

ಲೆಕ್ಕದ ಪುಸ್ತಕ:
ಹುಡುಗ ಚುರುಕಿದ್ದಾನೆ. ಅದರಲ್ಲಿ ಮುಖ್ಯವಾಗಿ ಏನಿರುತ್ತದೆ ಮೇಡಂ?

ರಂಧ್ರಾನ್ವೇಷಿ:
ಐಸೋಅಮೈಲ್ ಆಲ್ಕೋಹಾಲ್. ಯೀಸ್ಟು ಪ್ರೋಟೀನಿನ ತುಂಡುಗಳನ್ನು ತಿಂದು ಬಿಡುವುದು ಅದು. ಇಂಗಾಲ ಐದು, ಅಣು ತೂಕ 88. ನೀರು 18 ಕಳೆದರೆ 70 ಉಳಿಯುತ್ತದೆ. ಅಂದರೆ ಎಥನಾಲಿನಲ್ಲಿ 61 ಪರ್ಸೆಂಟ್ ಉಳಿದರೆ ಇದರಲ್ಲಿ 80 ಹತ್ತಿರ! ಐದು ಇಂಗಾಲ ಆಗಲೇ ಜೋಡಿಕೊಂಡಿರುವುದರಿಂದ ಪೆಟ್ರೋಲಿನ ಅಳತೆಗೆ ದಾರಿಯೂ ಹತ್ತಿರ.

ಹಳೇ ರಿಯಾಕ್ಟರ್:
ಉತ್ಸಾಹಕ್ಕೆ ತಣ್ಣೀರು ಎರಚುತ್ತಿಲ್ಲ, ಆದರೆ ಒಂದು ಡಿಸ್ಟಿಲರಿಯದ್ದರಿಂದ ಏನೂ ಆಗದು, ಹತ್ತಾರು ಕಡೆಯದು ಕೂಡಿಸಬೇಕು. ಮತ್ತೆ ಅದರಲ್ಲಿ ಸಾರಜನಕ ಇರುವ ಕಸ ಸ್ವಲ್ಪ ಇದ್ದರೂ ಆಮ್ಲದ ಜಾಗಕ್ಕೆ ಹೋಗಿ ಅಂಟಿ ಕೂರುತ್ತದೆ. ಮೊದಲು ಅದನ್ನು ಪರೀಕ್ಷೆ ಮಾಡಿಸಿ. ದ್ರಾವಕವಾಗಿ ಮಾರಿದರೆ ಎಷ್ಟು ಸಿಗುತ್ತದೆ ಅನ್ನುವುದನ್ನೂ ನೋಡಿ, ಮೊಟುನುಯಿಯ ಮೆಥನಾಲಿನ ಕತೆ ಇಲ್ಲೂ ಆಗಬಾರದು.

ಕಾಕಂಬಿ ಹುಡುಗ:
ಸರಿ ಸರ್. ಇವತ್ತು ನಮ್ಮ ಡಿಸ್ಟಿಲರಿ ಮ್ಯಾನೇಜರ್ ಹತ್ತಿರ ಮಾತಾಡಿದೆ. ಮೊದಲು ನಕ್ಕರು, ಆಮೇಲೆ ಕಾಗದದ ಮೇಲೆ ಬರೆದುಕೊಡು ಅಂದರು. ಅಬಕಾರಿ ಪರವಾನಗಿ ತೆಗೆದುಕೊಂಡೇ ಸ್ಯಾಂಪಲ್ ಕಳಿಸೋಣ ಅಂತ ಹೇಳಿದ್ದಾರೆ. ಅಕ್ಕಾ, ಅರ್ಧ ಲೀಟರ್ ಸಾಕಾಗುತ್ತಾ?

ರಂಧ್ರಾನ್ವೇಷಿ:
ಧಾರಾಳ ಸಾಕು. ನನ್ನ ಗೈಡ್ ಹತ್ತಿರ ಪತ್ರ ಬರೆಸಿ ಕಳಿಸುತ್ತೇನೆ. ಗಾಜಿನ ಬಾಟಲಿಯಲ್ಲೇ ತುಂಬಿ, ಪ್ಲಾಸ್ಟಿಕ್ ಬೇಡ, ಪ್ಲಾಸ್ಟಿಕ್ಕಿನಿಂದ ಕರಗಿದ್ದೂ ನಮ್ಮ ಗ್ರಾಫಿನಲ್ಲಿ ಗೆರೆಯಾಗಿ ಕಾಣಿಸುತ್ತದೆ. ಯಾವ ತಾರೀಖು, ಯಾವ ಶಿಫ್ಟು, ಆವತ್ತು ಯಾವ ಕಾಕಂಬಿ ಓಡುತ್ತಿತ್ತು ಅಂತ ಚೀಟಿ ಅಂಟಿಸಿ.